ಮೊದಲು ಒಂದು ಗುಳ್ಳೆ

ಬೇಲಿಯ ಆಚೆ ನೀರು ಹಸಿರಾಗಿದೆ, ಮರದ ನೆರಳಿಗೆ ಹಸಿರೋ ಪಾಚಿ ಕಟ್ಟಿ ಹಸಿರೋ, ದಡದಲ್ಲಿ ಒಂದು ಕೊರಡು, ಅಲ್ಲ, ಕೊರಡಲ್ಲ, ಬೆನ್ನು ಉಂಟು ಅದಕ್ಕೆ, ಮುಳ್ಳುಮುಳ್ಳಾದ ಬೆನ್ನು, ಅರ್ಧ ನೀರೊಳಗೆ ಅರ್ಧ ಹೊರಗೆ — ನನ್ನ ಕೈ ತಾನಾಗಿ ಮುಗಿದುಕೊಂಡದ್ದು ಮಗ ನಗಾಡಿದ ಮೇಲೆಯೇ ನನಗೆ ಗೊತ್ತಾದದ್ದು, ಅಮ್ಮಾ ಈ ಮೊಸಳೆ ನಮ್ಮ ಅನಂತಪುರ ದೇವಸ್ಥಾನದ ಕೆರೆಯದ್ದಲ್ಲ, ತಿರುವನಂತಪುರದ ಮೃಗಾಲಯದ್ದು, ನೈವೇದ್ಯದ ಅನ್ನ ತಿನ್ನುವ ಜಾತಿ ಅಲ್ಲ ಇದು, ಮುಗಿದ ಕೈಯನ್ನೇ ತಿಂದೀತು. ನಗಲಿ. ಮನೀಶ ನಗುವಾಗ ಈಗಲೂ ಸಣ್ಣವನ ಹಾಗೆ ಕಾಣುತ್ತಾನೆ, ಮೊಬೈಲು ಎತ್ತಿ ಹಿಡಿದು ಹೆಂಡತಿಯನ್ನು ಬೇಲಿಯ ಹತ್ತಿರ ನಿಲ್ಲಿಸಿ ಫೋಟೋ ತೆಗೆಯುತ್ತಾನೆ, ಸ್ವಲ್ಪ ನಗು ಸುಪ್ರೀತಾ, ಅವಳು ನಗುತ್ತಾಳೆ, ಕೈ ಮಾತ್ರ ಹೊಟ್ಟೆಯ ಮೇಲೆ. ಅವನಿಗೆ ಗೊತ್ತಿಲ್ಲ. ಅಲ್ಲಿ ಕಲ್ಲುಬೆಂಚಿನಲ್ಲಿ ಚಪ್ಪಲಿ ಕಳಚಿಟ್ಟು ಪಾದ ತಿಕ್ಕಿಕೊಳ್ಳುವ ಮನೀಶನ ಅಪ್ಪ, ಇವರಿಗೂ ಗೊತ್ತಿಲ್ಲ. ಗೊತ್ತಿರುವುದು ನನಗೆ ಮತ್ತು ಸೊಸೆಗೆ, ಬೆಳಿಗ್ಗೆ ಲಾಡ್ಜಿನ ಕೋಣೆಯಲ್ಲಿ ನಾನು ಅವಳ ತಲೆ ಬಾಚುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದಳಲ್ಲ, ಅತ್ತೇ, ನಿನ್ನೆ ರಾತ್ರಿಯಿಂದ ಅದು ಅಲುಗುವುದಿಲ್ಲ.

ನಾನು ಎಂತ ಹೇಳಿದೆ — ರೈಲಿನ ದಣಿವು, ಅದಕ್ಕೂ ನಿದ್ದೆ ಬೇಡವಾ, ಒಂದು ಲೋಟ ತಣ್ಣೀರು ಕುಡಿ, ಸ್ವಲ್ಪ ಸಿಹಿ ತಿನ್ನು, ಈಗ ಒದೆಯುತ್ತದೆ ನೋಡು ಅಂದೆ, ಬಾಚಿದ ತಲೆಯನ್ನೇ ಮತ್ತೊಮ್ಮೆ ಬಾಚಿದೆ. ಅವರಿಗೆ ಹೇಳಬೇಡಿ ಅತ್ತೆ, ಆಸೆಯಿಂದ ಕರಕ್ಕೊಂಡು ಬಂದಿದ್ದಾರೆ, ಅಂದಳು ಗಂಡನ ಬಗ್ಗೆ. ಹೇಳುವುದಿಲ್ಲ ಅಂದೆ. ಏಳು ತಿಂಗಳ ಹೊಟ್ಟೆ, ಸಂಜೆ ನಾನು ದೀಪ ಹಚ್ಚಿ ಗಂಟೆ ಆಡಿಸಿದರೆ ಸಾಕು, ಒಳಗಿಂದ ಒದೆಯುತ್ತಿದ್ದ ಮಗು, ಭಕ್ತ ಹುಟ್ಟುತ್ತಾನೆ ಅಂತ ನಾನು, ಜಗಳಗಂಟಿ ಹುಟ್ಟುತ್ತಾಳೆ ಅಂತ ಇವರು. ಹಿಂದಿನದು ನಾಲ್ಕನೇ ತಿಂಗಳಿಗೇ ಹೋಯಿತು. ಅದು ಅಲುಗುವ ಹಂತಕ್ಕೆ ಬರಲೇ ಇಲ್ಲ, ಇದು ಅಲುಗಿ, ಮಾತಾಡಿ, ನಮ್ಮನ್ನೆಲ್ಲ ಗುರುತು ಹಿಡಿದು, ಈಗ — ಇಲ್ಲ, ಹಾಗೆ ಎಣಿಸಬಾರದು, ನಾರಾಯಣ. ಈ ಪ್ರಯಾಣವೇ ಬೇಡ ಅಂದಿದ್ದರು ಇವರು, ಬಸುರಿಯನ್ನು ಹೊಳೆ ದಾಟಿಸಬಾರದು ಅಂತ. ನಾನೇ ಹಟ ಹಿಡಿದದ್ದು, ಬಸುರಿ ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಬಾರದು, ಬಯಕೆ ಬಯಕೆಯೇ. ಮಾವಿನಕಾಯಿ ಕೇಳಿದರೆ ಕೊಡು ಮಾರಾಯ್ತಿ, ಮೃಗಾಲಯದ ನೀರಾನೆ ನೋಡಬೇಕು ಅಂದರೆ ನಾನು ಕುಂಬಳೆ ಪೇಟೆಯಿಂದ ತರುವುದಾ, ಅಂದರು ಇವರು. ಎಲ್ಲರೂ ನಕ್ಕೆವು. ನಕ್ಕುಕೊಂಡೇ ರೈಲು ಹತ್ತಿದೆವು. ಚಂದ್ರಗಿರಿ ಹೊಳೆ ಬಂದಾಗ ರೈಲಿನ ಸದ್ದು ಟೊಳ್ಳಾಯಿತು, ಆಮೇಲೆ ಹೆಸರು ಗೊತ್ತಿಲ್ಲದ ಎಷ್ಟು ಹೊಳೆಗಳು, ಪ್ರತಿ ಸಲವೂ ಆ ಟೊಳ್ಳು ಸದ್ದು, ಕತ್ತಲೆಯಲ್ಲಿ ಕೈ ಚಾಚಿ ಅವಳ ಹೊದಿಕೆ ಮುಟ್ಟಿದೆ. ನಿನ್ನೆ ಇಡೀ ದಿನ ಸರಿಯೇ ಇದ್ದಳಲ್ಲ, ಸಮುದ್ರದ ಬದಿಯಲ್ಲಿ ಕಡ್ಲೆ ತಿಂದಳು, ಇವರು ಮಾತ್ರ ನಮ್ಮ ಮನೆ ಹಿಂದೆ ಇದೇ ಸಮುದ್ರ ಪುಕ್ಕಟೆ ಉಂಟು ಅಂತ ಗೊಣಗಿದರು, ಆಗ ಒದೆಯುತ್ತಿತ್ತಾ, ನಾನು ಕೇಳಲಿಲ್ಲ, ಯಾಕೆ ಕೇಳಲಿಲ್ಲ.

ಇವತ್ತು ಪದ್ಮನಾಭನ ಎದುರೂ ನಿಂತೆ. ಮಲಗಿದ ದೇವರನ್ನು ಮೂರು ಬಾಗಿಲಿನಿಂದ ನೋಡಬೇಕು, ಒಂದರಲ್ಲಿ ಮುಖ, ಒಂದರಲ್ಲಿ ಪಾದ, ನಡುವಿನ ಬಾಗಿಲಿನಲ್ಲಿ ಹೊಕ್ಕುಳು, ತಾವರೆ ಅರಳಿ ಬ್ರಹ್ಮ ಹುಟ್ಟಿದ ಹೊಕ್ಕುಳು, ನನಗೆ ಬೇಕಾದದ್ದು ಅದೊಂದೇ, ಅಲ್ಲಿಗೆ ಬರುವಾಗ ಹಿಂದಿನವರು ನೂಕಿದರು, ಕತ್ತಲು, ಎಣ್ಣೆಯ ವಾಸನೆ, ಒಂದು ದೀಪ, ಅಷ್ಟೆ, ಹೊಕ್ಕುಳು ಕಾಣಲಿಲ್ಲ. ಅಜ್ಜಿ ಹೇಳುತ್ತಿದ್ದಳು, ಈ ದೇವರು ಮೊದಲು ನಮ್ಮ ಅನಂತಪುರದಲ್ಲೇ ಇದ್ದದ್ದು, ಕೆರೆಯ ಮೂಲೆಯ ಗುಹೆಯಲ್ಲಿ ಇಳಿದು ಭೂಮಿಯ ಅಡಿಯಲ್ಲೇ ನಡೆದು ಇಲ್ಲಿಗೆ ಬಂದದ್ದು, ಆ ಗುಹೆಯ ಬಾಗಿಲು ಕಾಯಲು ಮೊಸಳೆ, ದೇವರು ಹೋದರೂ ಮೊಸಳೆ ಹೋಗಲಿಲ್ಲ. ಅವನು ಒಂದು ಹೊಳೆಯನ್ನೂ ದಾಟದೆ ಬಂದ, ನಾನು ಎಲ್ಲ ಹೊಳೆ ದಾಟಿಸಿ ತಂದೆ ಈ ಹುಡುಗಿಯನ್ನು. ಅವಳಿಗೆ ತಿಂಗಳು ನಿಂತ ಹೊಸತರಲ್ಲಿ ಇಬ್ಬರೂ ಅನಂತಪುರದ ಆ ಕೆರೆಯ ಕಟ್ಟೆಯಲ್ಲಿ ನಿಂತಿದ್ದೆವಲ್ಲ, ನೀರು ಹೀಗೆಯೇ ಹಸಿರು, ಹೀಗೆಯೇ ಅಲುಗದೆ, ಇವತ್ತು ಮೊಸಳೆ ಕಾಣಲಿಕ್ಕಿಲ್ಲ ಅಂತ ನಾನು ಹೊರಟಾಗ ಪೂಜೆಯ ಭಟ್ಟರು ಮೆಲ್ಲ ಹೇಳಿದರು, ಅವಸರ ಮಾಡಬೇಡಿ ಅಮ್ಮಣಿ, ಸುಮ್ಮನೆ ನಿಲ್ಲಿ, ಮೊದಲು ಒಂದು ಗುಳ್ಳೆ ಬರುತ್ತದೆ, ಮತ್ತೆ ಅದು. ಬಂತು. ಗುಳ್ಳೆ, ಒಂದೇ, ಒಡೆಯಿತು, ಆಮೇಲೆ ಕಣ್ಣು. ಸುಪ್ರೀತಾ ನನ್ನ ಕೈ ಹಿಸುಕಿದಳು. ಆವತ್ತೇ ನಿಶ್ಚಯ ಮಾಡಿಕೊಂಡೆ, ಇದು ಉಳಿಯುತ್ತದೆ.

ಹಾಗಾದರೆ ಇಲ್ಲಿಯೂ ಒಂದು ಗುಳ್ಳೆ ಬರಲಿ, ನಾರಾಯಣ, ಆ ಗುಹೆ ಇಲ್ಲಿಗೇ ಅಲ್ಲವಾ ಬರುವುದು, ಒಂದು ಗುಳ್ಳೆ, ಬಂದರೆ ಯಾರಿಗೂ ಹೇಳುವುದಿಲ್ಲ, ಊಟ ಮಾಡಿ ಸಂಜೆಯ ರೈಲು ಹತ್ತುತ್ತೇವೆ — ನೀರಾನೆ ಆಗಲೇ ನೋಡಿ ಆಯಿತು, ಅದು ಬಾಯಿ ತೆರೆದದ್ದಕ್ಕೆ ಇವರು ಇದು ನಮ್ಮ ಪಂಚಾಯತ್ ಮೆಂಬರ್ ಅಂದರು, ಸೊಸೆ ನಕ್ಕಳು, ನಾನು ನೀರಾನೆ ನೋಡಲಿಲ್ಲ, ನಕ್ಕಾಗ ಹೊಟ್ಟೆ ಕುಲುಕಿದ್ದು ನೋಡಿದೆ, ಅದು ನಗುವಿನ ಕುಲುಕು, ಬೇರೆ ಯಾವುದೂ ಅಲ್ಲ. ಬೇಲಿಯ ಹತ್ತಿರ ಯಾರೋ ಕಡ್ಲೆಸಿಪ್ಪೆ ಎಸೆಯುತ್ತಾರೆ, ಮುಳ್ಳುಬೆನ್ನಿನ ಮೇಲೆ ಬೀಳುತ್ತದೆ, ಅಲ್ಲೇ ಉಳಿಯುತ್ತದೆ. ಗುಳ್ಳೆ ಇಲ್ಲ. ಒಂದು ಹೆಂಗಸು ಮಲಯಾಳದಲ್ಲಿ ಗಂಡನನ್ನು ಕೇಳುತ್ತಾಳೆ, ಅದು ಸತ್ತಿದೆಯಾ. ನನ್ನ ಸೆರಗು ಎಳೆದ ಹಾಗಾಯಿತು. ಸುಪ್ರೀತಾ. ಅವಳೂ ಕೇಳಿಸಿಕೊಂಡಿದ್ದಾಳೆ, ಮುಖದಲ್ಲಿ ನಗು ಹಾಗೆಯೇ ಉಂಟು, ಫೋಟೋಕ್ಕೆ ಹಾಕಿದ ನಗು, ತೆಗೆಯಲು ಮರೆತದ್ದು, ಕಣ್ಣು ಮಾತ್ರ ನನ್ನನ್ನು ಕೇಳುತ್ತದೆ, ಅತ್ತೆ, ಇನ್ನು ಎಷ್ಟು ಹೊತ್ತು. ಅಯ್ಯೋ, ನಾನು ಮಾಡುತ್ತಿರುವುದು ಎಂತ, ಈ ಹುಡುಗಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ ಮೊಸಳೆಯ ಹತ್ತಿರ ಅಪ್ಪಣೆ ಕೇಳುವುದಾ, ಅಲ್ಲಿ ಗುಳ್ಳೆ ಬಂದರೂ ಬಾರದಿದ್ದರೂ ಇವಳ ಹೊಟ್ಟೆ ಇವಳದ್ದೇ ಅಲ್ಲವಾ, ದೇವರು ಹೊಕ್ಕುಳು ತೋರಿಸದೆ ನನ್ನನ್ನು ನೂಕಿಸಿದ್ದು ಇದಕ್ಕೇ ಇರಬಹುದು. ಬೆನ್ನು ಹಾಕಿದೆ ನೀರಿಗೆ. ಮನೀಶಾ, ಆಟೋ ಹಿಡಿ, ಆಸ್ಪತ್ರೆಗೆ. ಎಂತಕ್ಕೆ ಅಮ್ಮ. ಮಗು ಅಲುಗುವುದಿಲ್ಲ.

ಅವನ ಕೈಯ ಮೊಬೈಲು ಕೆಳಗೆ ಇಳಿದದ್ದು, ಇವರು ಬೆಂಚಿನಿಂದ ಎದ್ದದ್ದು, ನಾನು ಹೇಳಿದ್ದೆನಲ್ಲ ಹೊಳೆ ದಾಟಿಸಬಾರದು ಅಂತ, ಅಂತಾರೆ ಎಂದು ಕಾದೆ, ಅನ್ನಲಿಲ್ಲ, ಬರಿಗಾಲಿನಲ್ಲಿ ಗೇಟಿನ ಕಡೆಗೆ ಓಡಿದರು, ಈ ವಯಸ್ಸಿನಲ್ಲಿ, ಚಪ್ಪಲಿ ಅಲ್ಲಿಯೇ ಬೆಂಚಿನ ಅಡಿಯಲ್ಲಿ, ಬೆಳಿಗ್ಗೆ ಚಾದಂಗಡಿಯಲ್ಲಿ ಇವರ ಕಾಸರಗೋಡಿನ ಮಲಯಾಳ ಯಾರಿಗೂ ತಿಳಿಯದೆ ಹೇಳಿದ್ದನ್ನೇ ಮೂರು ಸಲ ಹೇಳಿದ್ದರು, ಈಗ ಆಟೋದವನಿಗೆ ಒಂದೇ ಶಬ್ದ ಹೇಳಿದರು, ಗರ್ಭಿಣಿ, ಅವನು ಹಾರ್ನಿನ ಮೇಲಿಂದ ಕೈ ತೆಗೆಯುವುದಿಲ್ಲ. ಮರಗಳು, ಬಸ್ಸು, ಬಿಳಿ ಕಟ್ಟಡಗಳು, ನೋಡಲೆಂದು ಬಂದ ಊರೆಲ್ಲ ಓಡಿಹೋಗುತ್ತಿದೆ, ಮುಂದೆ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಇವರು, ಆ ಬದಿಗೆ ಮನೀಶ, ನಡುವೆ ಅವಳು. ಅತ್ತೇ ಇಲ್ಲಿ, ಅಂತ ನನ್ನ ಕೈ ಎಳೆದು ಸೀರೆಯ ಅಡಿಗೆ ಇಟ್ಟುಕೊಂಡಳು, ಹೊಕ್ಕುಳಿನ ಹತ್ತಿರ, ನಡುವಿನ ಬಾಗಿಲು, ಯಾರೂ ನೂಕಬೇಡಿ, ಸ್ವಲ್ಪ ಹೊತ್ತು ಯಾರೂ ನೂಕಬೇಡಿ, ಸೇತುವೆಯೋ ಏನೋ, ಆಟೋದ ಸದ್ದು ಟೊಳ್ಳಾಯಿತು, ಅಂಗೈಯ ಅಡಿಯಲ್ಲಿ ಬಿಸಿ, ಬಿಗಿ, ಹಸಿರು ನೀರು, ಅವಸರ ಮಾಡಬೇಡಿ ಅಮ್ಮಣಿ, ಅಲುಗದ ನೀರು, ಸುಮ್ಮನೆ ನಿಲ್ಲಿ, ಸುಮ್ಮನೆ, ನೀರು, ನೀರು, ಅಂಗೈಗೆ ಒಳಗಿಂದ —

ಒಂದು ಗುಳ್ಳೆ