ಹುಚ್ಚವ್ವನ ಎಲೆ, ಪರಮೇಶಪ್ಪನ ಡಬ್ಬಿ

ಹಾನಗಲ್ಲಿನ ಅಕ್ಕಿ ವ್ಯಾಪಾರಿ ಪರಮೇಶಪ್ಪನಿಗೆ ಎರಡು ಅಭಿಮಾನಗಳಿದ್ದವು. ತನ್ನ ಅಂಗಡಿಯ ಅಕ್ಕಿಯಲ್ಲಿ ಕಲ್ಲು ಸಿಗುವುದಿಲ್ಲ ಎಂಬುದು ಒಂದು. ತಾಲೂಕಿಗೆಲ್ಲ ಸಮುದ್ರದ ನಡುಗಡ್ಡೆಗಳನ್ನು ತುಳಿದು, ಕಂಡದ್ದನ್ನು ಕಾಗದದ ಮೇಲೆ ಇಳಿಸಿಕೊಂಡು ಬಂದವನು ತಾನೊಬ್ಬನೇ ಎಂಬುದು ಇನ್ನೊಂದು.

ಮೂವತ್ತಾರನೆಯ ಇಸವಿಯಲ್ಲಿ ಅಕ್ಕಿಯ ವ್ಯಾಪಾರಕ್ಕೆಂದು ಕಾರವಾರಕ್ಕೆ ಹೋದವನು, ಕೆಲಸ ಮುಗಿದ ಮೇಲೆ ದೋಣಿ ಹಿಡಿದು ಕೂರ್ಮಗಡ ನಡುಗಡ್ಡೆಗೆ ಹೋಗಿಬಂದಿದ್ದ. ಹುಬ್ಬಳ್ಳಿಯಲ್ಲಿ ಕೊಂಡ ಡಬ್ಬಿ ಕ್ಯಾಮರಾ ಜೊತೆಗಿತ್ತು. ಮರುವರ್ಷ ದೀಪದ ಮನೆಯಿರುವ ದೇವಗಡ, ಅದರ ಮರುವರ್ಷ ಹೊನ್ನಾವರದ ಬಳಿಯ ಬಸವರಾಜದುರ್ಗ, ಮುಂಬಯಿಗೆ ಹೋದಾಗ ಘಾರಾಪುರಿ. ದೋಣಿ ಹತ್ತಿದರೆ ಸಾಕು, ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದರಲ್ಲಿ ಡಬ್ಬಿ ಹಿಡಿದು, ಬಂದ ವಾಂತಿಯನ್ನು ನುಂಗಿಕೊಂಡು ಫೋಟೋ ತೆಗೆದವನು ಅವನು. ಊರಿಗೆ ಬಂದು, ಕಿಟಕಿಯಿಲ್ಲದ ಕಾಳಿನ ಕೋಣೆಯಲ್ಲಿ ಕಂದೀಲಿಗೆ ಕೆಂಪು ಅರಿವೆ ಸುತ್ತಿಟ್ಟು, ರೀಲನ್ನು ತಾನೇ ತೊಳೆಯುತ್ತಿದ್ದ. ಜೋಳದ ಚೀಲಗಳ ನಡುವೆ ಸಮುದ್ರ ನಿಧಾನವಾಗಿ ಮೂಡುವುದನ್ನು ನೋಡುವಾಗ ಅವನಿಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಚೆನ್ನಾಗಿ ಬಂದವನ್ನು ಹುಬ್ಬಳ್ಳಿಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ. ಅಕ್ಕಿ ಒಯ್ಯಲು ಬಂದ ಗಾಡಿಯವರು ಕತ್ತೆತ್ತಿ ನೋಡುತ್ತಿದ್ದರು.

“ಇದು ನಮ್ಮ ಆನಿಕೆರಿ ಹೌದಲ್ರಿ ಸಾವುಕಾರ್ರ?” ಎಂದು ಒಬ್ಬ ಕೇಳಿದ. “ಮಳಿಗಾಲದಾಗ ತಗದೀರಿ ಕಾಣತೈತಿ.”

ಅದು ಸಮುದ್ರ, ಆ ಕಪ್ಪು ಗುಡ್ಡ ನಡುಗಡ್ಡೆ ಎಂದು ಪರಮೇಶಪ್ಪ ತಾಳ್ಮೆಯಿಂದ ತಿಳಿಸಿ ಹೇಳಿದ. ನೀರು ಉಪ್ಪು ಎಂದು ಗೊತ್ತಾದ ಮೇಲೆ ಆ ಮನುಷ್ಯನಿಗೆ ಇದ್ದ ಆಸಕ್ತಿಯೂ ಹೋಯಿತು. ಇಷ್ಟೂ ನೀರು ಒಂದು ಗದ್ದೆಗೂ ಬರುವುದಿಲ್ಲವೆಂದರೆ ಅದನ್ನು ನೋಡಲು ಅಷ್ಟು ದೂರ ಯಾಕೆ ಹೋಗಬೇಕು ಎಂಬುದು ಅವನ ಪ್ರಶ್ನೆ. ಆದರೆ ಅದೇ ಫೋಟೋದ ಮೂಲೆಯಲ್ಲಿ ದೋಣಿಯವನೊಬ್ಬ ಬೀಡಿ ಹಚ್ಚುತ್ತ ಕುಳಿತಿದ್ದ. ಅಂಗೈ ಮರೆಮಾಡಿ, ಗಾಳಿಗೆ ಬೆನ್ನು ತಿರುವಿ. ಗಾಡಿಯವರೆಲ್ಲ ಅವನ ಮುಂದೆ ಗುಂಪುಗೂಡಿದರು. ಇವನು ಎಡಚ ಎಂದು ಒಬ್ಬ ಕಂಡುಹಿಡಿದ. ಕಡ್ಡಿ ಇದೊಂದೇ ಉಳಿದಿರಬೇಕು, ಅದಕ್ಕೇ ಅಷ್ಟು ಜೋಪಾನ ಎಂದು ಇನ್ನೊಬ್ಬ ಹೇಳಿದ. ಆ ಬೀಡಿ ಹೊತ್ತಿತೋ ಇಲ್ಲವೋ ಎಂಬ ಮಾತು ಅಕ್ಕಿ ಹೇರಿ ಮುಗಿಯುವವರೆಗೆ ನಡೆಯಿತು.

ಪರಮೇಶಪ್ಪನಿಗೆ ಮೊದಲು ಕೆಡುಕೆನಿಸಿತು. ಆಮೇಲೆ ತಾನೂ ಎದ್ದು ಹೋಗಿ ಆ ದೋಣಿಯವನನ್ನು ನೋಡಿದ. ತೆಗೆಯುವಾಗ ಅವನು ಅಲ್ಲಿದ್ದದ್ದೇ ತನಗೆ ಗೊತ್ತಿರಲಿಲ್ಲ.

ಮೂವತ್ತೊಂಬತ್ತರಲ್ಲಿ ಯುದ್ಧ ಶುರುವಾಯಿತು. ಬಂದರಿನ ಕಡೆ ಕ್ಯಾಮರಾ ತರಬಾರದು ಎಂದು ಕಾರವಾರದಿಂದ ಸುದ್ದಿ ಬಂತು. ನೋಡಬೇಕೆಂದುಕೊಂಡಿದ್ದ ನೇತ್ರಾಣಿ ನಡುಗಡ್ಡೆ ಉಳಿದೇ ಹೋಯಿತು. ಕೈ ಸುಮ್ಮನಿರದೆ ಪರಮೇಶಪ್ಪ ಡಬ್ಬಿ ಹಿಡಿದು ಹಿರೇಕೆರೂರಿನ ಸಂತೆಗೆ ಹೋದ, ಶಿಗ್ಗಾವಿಯ ಗಾಡಿ ಅಡ್ಡೆಗೆ ಹೋದ. ಡಬ್ಬಿಯನ್ನು ಹೊಟ್ಟೆಗೆ ಆನಿಸಿ, ಮೇಲಿನ ಚಿಕ್ಕ ಗಾಜಿನಲ್ಲಿ ಬಗ್ಗಿ ನೋಡಬೇಕು. ಹಾಗಾಗಿ ಅವನು ಯಾರನ್ನು ನೋಡುತ್ತಿದ್ದಾನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಸಾಹುಕಾರರು ಹೊಟ್ಟೆ ಎಷ್ಟು ಬಂದಿದೆ ಎಂದು ನೋಡಿಕೊಳ್ಳುತ್ತಿದ್ದಾರೆ ಎಂದು ಸಂತೆಯವರು ನಗುತ್ತಿದ್ದರು. ಅವರು ನಗುತ್ತಿರುವಾಗಲೇ ಅವನು ಅವರನ್ನು ತೆಗೆದುಬಿಡುತ್ತಿದ್ದ. ಕುರಿಯ ಹಲ್ಲು ಎಣಿಸುವವನು, ಹತ್ತಿ ಚೀಲದ ಮೇಲೆ ಬಾಯಿ ತೆರೆದು ಮಲಗಿದವನು, ಗಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಬಡಿದು ನೋಡುವವಳು. ನಡುಗಡ್ಡೆ ತಾನಿದ್ದಲ್ಲೇ ಇರುತ್ತದೆ, ಇಂದಲ್ಲ ನಾಳೆ ತೆಗೆಯಬಹುದು. ಈ ಮಂದಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆಯಾಗಿಬಿಡುತ್ತಾರೆ. ಅದನ್ನು ಹಿಡಿಯುವುದೇ ಹೆಚ್ಚಿನ ಕೆಲಸ ಎಂದು ಅವನಿಗೆ ಅನಿಸತೊಡಗಿತು.

ಅವನ ತಂಗಿ ಸರೋಜವ್ವನನ್ನು ಸವಣೂರಿಗೆ ಕೊಟ್ಟಿದ್ದರು. ನಲವತ್ತೊಂದರ ದಸರೆಗೆ ಅಲ್ಲಿಗೆ ಹೋದಾಗ, ತಂಗಿಯ ಮನೆಯೆದುರಿನ ಬೀದಿಯಲ್ಲಿ ವೀಳ್ಯದೆಲೆ ಮಾರುವ ಹುಚ್ಚವ್ವನನ್ನು ತೆಗೆದ. ಆಕೆಗೆ ಅರವತ್ತರ ಮೇಲೆ ವಯಸ್ಸು. ಗಿರಾಕಿಗೆ ಏನೋ ಜಬರಿಸುತ್ತ, ನಗುತ್ತ, ಎಲೆಗಳ ಮೇಲೆ ಕೈಯಿಂದ ನೀರು ಚಿಮುಕಿಸುತ್ತಿದ್ದಳು. ಫೋಟೋದಲ್ಲಿ ಹನಿಗಳು ಬೆರಳಿನ ತುದಿಯಿಂದ ಬಿಳಿ ಗೆರೆಗಳಾಗಿ ಹಾರಿದ್ದವು. ನಾಲ್ಕು ನಡುಗಡ್ಡೆಗಳ ಸುತ್ತಲಿನ ಅಷ್ಟೂ ನೀರಿನಲ್ಲಿ ಸಿಗದ ಜೀವ ಆ ಒಂದು ಬೊಗಸೆಯಲ್ಲಿ ಸಿಕ್ಕಿತೆಂದು ಪರಮೇಶಪ್ಪ ಹಿಗ್ಗಿದ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅಂಗಡಿಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ.

ಎಡವಟ್ಟಾದದ್ದು ಅಲ್ಲೇ. ಅವನ ತಾಯಿ ವೀರವ್ವ ಕಾರ್ತಿಕದ ಸೋಮವಾರ ಅಂಗಡಿಗೆ ಬಂದು ಪೂಜೆ ಮಾಡುತ್ತಿದ್ದಳು. ಗೋಡೆಯ ಮೇಲೆ ಗಾಜಿನ ಹಿಂದೆ ಏನಿದ್ದರೂ ಆಕೆ ಅದಕ್ಕೆ ವಿಭೂತಿ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಊದುಬತ್ತಿ ತೋರಿಸುವವಳೇ. ದೇವಗಡದ ದೀಪದ ಮನೆಗೂ ಮಾಲೆ ಬಿದ್ದಿತ್ತು. ಆ ವರ್ಷದ ಮೊದಲ ಸೋಮವಾರ ಹುಚ್ಚವ್ವನಿಗೂ ಬಿತ್ತು. ಪರಮೇಶಪ್ಪ ಹಿರೇಕೆರೂರಿಗೆ ಹೋಗಿದ್ದ.

ಅದೇ ದಿನ ಹಿರೇಬೆಂಡಿಗೇರಿಯಿಂದ ಅಕ್ಕಿಗೆಂದು ಗಾಡಿ ಹೊಡೆದುಕೊಂಡು ಬಂದ ಯಲ್ಲಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಹುಚ್ಚವ್ವನ ಮಗಳು ಹೊಳೆವ್ವನನ್ನು ಕೊಟ್ಟದ್ದು ಅವನ ಊರಿಗೇ, ಅವನ ಓಣಿಗೇ. ಸಾಹುಕಾರರ ತಂಗಿಯ ಮನೆ ಸವಣೂರಿನಲ್ಲಿದೆ, ಅವರಿಗೆ ಸಾವಿನ ಸುದ್ದಿ ಮೊದಲು ಬಂದಿರಬೇಕು ಎಂದುಕೊಂಡ. ಮಾಲೆ ಹಾಕಿದವರ ಮುಂದೆ ನಿಂತು ಯಾವಾಗ, ಹೇಗೆ ಎಂದು ಕೇಳುವುದು ಸರಿಯಲ್ಲ. ತಲೆಯ ಮೇಲಿನ ರುಮಾಲು ತೆಗೆದು ಕೈಮುಗಿದ. ಅಕ್ಕಿಯನ್ನೂ ಹೇರದೆ ಎತ್ತು ತಿರುಗಿಸಿದ.

ಮರುದಿನ ಹೊಳೆವ್ವ, ಆಕೆಯ ಗಂಡ, ಭಾವ, ಮೈದುನರು ಎರಡು ಗಾಡಿ ತುಂಬ ಅಳುತ್ತ ಸವಣೂರಿಗೆ ಬಂದಿಳಿದರು. ಬೀದಿಯ ನಡುವೆ ಹುಚ್ಚವ್ವ ಎಲೆ ಮಾರುತ್ತ ಕುಳಿತಿದ್ದಳು. ಹೊಳೆವ್ವ ತಾಯಿಯ ಮೈ ಕೈ ಮುಟ್ಟಿ ನೋಡಿ ಮತ್ತೂ ಜೋರಾಗಿ ಅತ್ತಳಂತೆ.

ಇದೆಲ್ಲ ಪರಮೇಶಪ್ಪನಿಗೆ ತಿಳಿದದ್ದು ತಂಗಿಯ ಕಾಗದದಿಂದ. ಬೀದಿಯವರು ಸಿಟ್ಟಾಗಿದ್ದಾರೆ, ಆ ಡಬ್ಬಿಯನ್ನು ಯಾರತ್ತ ಹಿಡಿದರೆ ಅವರ ಮನೆಯಲ್ಲಿ ಮಾಲೆ ಬೀಳುತ್ತದೆ ಎಂದು ಮಾತಾಗಿದೆ ಎಂದು ಸರೋಜವ್ವ ಬರೆಸಿದ್ದಳು. ಮಾತು ಗಾಡಿಗಳ ಜೊತೆ ಓಡಾಡುತ್ತಿತ್ತು. ಆ ವಾರ ಶಿಗ್ಗಾವಿಯಲ್ಲಿ ಅವನು ಡಬ್ಬಿ ತೆಗೆದ ಕೂಡಲೇ ಹೆಂಗಸರು ಸೆರಗು ಎಳೆದುಕೊಂಡರು, ಗಂಡಸರು ಬೆನ್ನು ತಿರುವಿದರು. ಸಮುದ್ರ ಮುಚ್ಚಿಹೋಗಿತ್ತು, ಈಗ ಬೀದಿಯೂ ಮುಚ್ಚಿತೆಂದು ಪರಮೇಶಪ್ಪ ಡಬ್ಬಿಯನ್ನು ಚೀಲದೊಳಗೆ ಇಟ್ಟುಕೊಂಡ.

ತಾಯಿಯನ್ನು ಕೇಳಿದರೆ ಆಕೆ ಜಗ್ಗಲಿಲ್ಲ. “ಫೋಟೋಕ್ಕ ಕನ್ನಡಿ ಹಾಕಿದ್ದು ಅಂದಮ್ಯಾಲ ದೇವರು, ಇಲ್ಲಾ ಹಿರ್ಯಾರು. ಎರಡೂ ಅಲ್ಲ ಅಂದ್ರ ಕನ್ನಡಿ ಯಾಕ ಹಾಕಿಸಿದಿ?”

ಪರಮೇಶಪ್ಪ ಹುಚ್ಚವ್ವನ ಕಟ್ಟನ್ನು ಗೋಡೆಯಿಂದ ಇಳಿಸಿದ. ಫೋಟೋವನ್ನು ಧೋತರದಲ್ಲಿ ಸುತ್ತಿಕೊಂಡು, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಮೋಟಾರು ಬಸ್ಸು ಹತ್ತಿ ಸವಣೂರಿಗೆ ಹೋದ. ಹುಚ್ಚವ್ವ ಬೇಡವೆಂದರೆ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟುಬಿಡುವುದೆಂದು ದಾರಿಯಲ್ಲೇ ನಿಶ್ಚಯಿಸಿದ್ದ. ಅದರೊಳಗಿದ್ದದ್ದೂ ಕೊನೆಯ ರೀಲು. ಯುದ್ಧದಿಂದಾಗಿ ಹುಬ್ಬಳ್ಳಿಯಲ್ಲಿ ರೀಲು ಸಿಗುವುದೇ ನಿಂತಿತ್ತು. ಇದರ ಎಂಟು ಫೋಟೋಗಳಲ್ಲಿ ಏಳು ಮುಗಿದು ಒಂದು ಉಳಿದಿತ್ತು.

ಬೀದಿಯವರು ಅವನಿಗೆ ಕುಳಿತುಕೊಳ್ಳಿ ಎನ್ನಲಿಲ್ಲ. ಹುಚ್ಚವ್ವ ಮೂರು ಗಿರಾಕಿಗಳನ್ನು ಮುಗಿಸುವವರೆಗೆ ಅವನನ್ನು ನಿಲ್ಲಿಸಿಯೇ ಇಟ್ಟಳು. ಆಮೇಲೆ ಕೈ ಒರೆಸಿಕೊಂಡು ಕಟ್ಟನ್ನು ಇಸಿದುಕೊಂಡಳು. ಗಾಜಿನ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿ ಬಹಳ ಹೊತ್ತು ನೋಡಿದಳು. ತನ್ನನ್ನು ತಾನು ಹೀಗೆ ನೋಡುವುದು ಆಕೆಗೆ ಅದೇ ಮೊದಲು. ಪರಮೇಶಪ್ಪ ತಪ್ಪಾಯಿತೆಂದು ಹೇಳಲು ಬಾಯಿ ತೆರೆದ.

“ಮಾಲಿ ಹಾಕಿದ್ದಕ್ಕ ನನಗ ಸಿಟ್ಟಿಲ್ಲ,” ಎಂದಳು ಹುಚ್ಚವ್ವ. “ಸತ್ತಾಳ ಅಂತ ಸುದ್ದಿ ಹಬ್ಬಿದ್ರ ಆಯುಷ್ಯ ಬೆಳಿತೈತಂತ. ಬೆಳೀಲಿ. ಆದ್ರ ಇಲ್ಲಿ ನೋಡ್ರಿ. ಈ ಮೂಲ್ಯಾಗಿನ ಎಲಿ.”

ಆಕೆಯ ಬೆರಳು ಫೋಟೋದ ಕೆಳಗಿನ ಅಂಚಿನಲ್ಲಿತ್ತು. ಬುಟ್ಟಿಯ ಬದಿಯಲ್ಲಿ ಹತ್ತು ಹನ್ನೆರಡು ಎಲೆಗಳ ಅಂಚು ಒಳಗೆ ಮಡಚಿಕೊಂಡಿತ್ತು. ಪರಮೇಶಪ್ಪ ಆ ಫೋಟೋವನ್ನು ಎಷ್ಟು ಸಲ ನೋಡಿದ್ದನೋ, ಅದು ಕಣ್ಣಿಗೆ ಬಿದ್ದಿರಲಿಲ್ಲ.

“ಕಮರಿದ ಎಲಿ. ಅವತ್ತ ತ್ವಾಟದಿಂದ ಎಲಿ ಬರೂದು ತಡಾ ಆಗಿತ್ತು, ಆ ಹಳೇವನ್ನ ತಿಪ್ಪಿಗೆ ಒಗ್ಯಾಕಂತ ಬಾಜೂಕ ಇಟ್ಟಿದ್ದೆ. ಅದು ನಿಮ್ಮ ಫೋಟೋಕ್ಕ ಗೊತ್ತೈತೇನ್ರಿ? ನಿಮ್ಮ ಅಂಗಡಿಗೆ ಬರೂ ಮಂದಿ ಏನಂದಾರು? ಹುಚ್ಚವ್ವ ಬಾಡಿದೆಲಿ ಮಾರಿಕೋತ ಸತ್ತಳು ಅಂದಾರು. ನಲವತ್ತು ವರ್ಷ ಈ ಜಾಗಾದಾಗ ಕುಂತೇನಿ, ತಮ್ಮಾ. ಒಬ್ಬರೂ ಎಲಿ ತಿರುಗಿ ತಂದಿಲ್ಲ.”

ಪರಮೇಶಪ್ಪ ಅಲ್ಲೇ ನೆಲದ ಮೇಲೆ ಕುಳಿತ. ಅಕ್ಕಿಯಲ್ಲಿ ಕಲ್ಲಿದೆ ಎಂದು ಯಾರಾದರೂ ಅಂದರೆ ತನಗೆ ಹೇಗಾಗುತ್ತದೋ ಹಾಗೆಯೇ ಈ ಮಾತು ತಾಗಿತ್ತು.

“ಇನ್ನ ಒಂದ ಫೋಟೋ ಉಳದೈತಿ, ಯವ್ವಾ,” ಎಂದ. “ನೀವು ಹೂಂ ಅಂದ್ರ ಅದು ನಿಮ್ಮದು.”

“ನಾಳೆ ಮುಂಜಾನೆ ಬರ್ರಿ. ಹೊಸಾ ಎಲಿ ಬರತೈತಿ.”

ಮರುದಿನ ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ಬೀದಿ ನೆರೆದಿತ್ತು. ಹುಚ್ಚವ್ವ ಇಳಕಲ್ಲ ಸೀರೆ ಉಟ್ಟಿದ್ದಳು. ಎಲೆಗಳನ್ನು ಗಾಲಿಯ ಹಾಗೆ ಸುತ್ತಲೂ ಜೋಡಿಸಿಟ್ಟಿದ್ದಳು. ಆಕೆಯ ಹಿಂದೆ ಅಕ್ಕಪಕ್ಕದ ಅಂಗಡಿಯವರೆಲ್ಲ, ಮುಖ ಬಿಗಿದು, ಕೈ ಕೆಳಗೆ ಬಿಟ್ಟು ಸಾಲಾಗಿ ನಿಂತರು. ಕೆಮ್ಮು ಬಂದವನೊಬ್ಬ ಅದನ್ನು ತಡೆದುಕೊಂಡು ಕೆಂಪಾಗಿದ್ದ. ಪರಮೇಶಪ್ಪ ಡಬ್ಬಿ ಹೊಟ್ಟೆಗೆ ಆನಿಸಿ ಗಾಜಿನಲ್ಲಿ ನೋಡಿದ. ಅಲ್ಲಿ ಬೀದಿಯೇ ಇರಲಿಲ್ಲ, ಕಲ್ಲಿನ ಗೊಂಬೆಗಳಿದ್ದವು. ಇದನ್ನು ತೆಗೆದರೆ ಎಲ್ಲರೂ ಮೆಚ್ಚುತ್ತಾರೆ, ಮಾತು ಇಲ್ಲಿಗೇ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಫೋಟೋ ತೆಗೆಯುವ ಕೀಲಿನ ಮೇಲಿಟ್ಟ ಬೆರಳನ್ನು ಹಿಂದಕ್ಕೆ ತೆಗೆದ.

ಯಾಕೆ ತಡ ಎಂದು ಸಾಲಿನಿಂದ ಗೊಣಗಾಟ ಬಂತು.

“ಹುಚ್ಚವ್ವಾ, ನೀವು ಯಾಪಾರ ಮಾಡ್ರಿ,” ಎಂದ ಪರಮೇಶಪ್ಪ. “ನಾ ನಿಂದರತೇನಿ. ನಿಂತವರನ್ನ ತಗ್ಯಾಕ ಹುಬ್ಬಳ್ಳ್ಯಾಗ ಮಂದಿ ಅದಾರ. ನನಗ ಬೇಕಾದದ್ದು ನೀವು ಕೆಲಸಾ ಮಾಡೂದು.”

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೊತ್ತಾಗತೈತಿ.”

“ಆಗಲಿ.”

ನಿಂತವರು ಸ್ವಲ್ಪ ಹೊತ್ತು ಕಾದರು. ಸಾಹುಕಾರನಿಗೆ ಫೋಟೋ ತೆಗೆಯಲು ಬರುವುದಿಲ್ಲ, ಇಷ್ಟು ದಿನ ಬರೀ ಹೊಟ್ಟೆ ನೋಡಿಕೊಂಡದ್ದೇ ನಿಜ ಎಂದು ನಗಾಡಿ, ಒಬ್ಬೊಬ್ಬರೇ ಅಂಗಡಿಗಳಿಗೆ ಮರಳಿದರು. ಬಿಸಿಲು ಏರಿತು. ಹುಚ್ಚವ್ವ ನೀರು ಚಿಮುಕಿಸಿದಳು. ಪರಮೇಶಪ್ಪ ತೆಗೆಯಲಿಲ್ಲ, ಅದನ್ನು ಒಮ್ಮೆ ತೆಗೆದಾಗಿತ್ತು. ಸರೋಜವ್ವ ಊಟಕ್ಕೆ ಕರೆದಳು, ಹೋಗಲಿಲ್ಲ. ಮೂರು ತಾಸಾಗುವಷ್ಟರಲ್ಲಿ ಹುಚ್ಚವ್ವನಿಗೂ ಅವನು ಅಲ್ಲಿದ್ದಾನೆಂಬುದು ಮರೆತಿತ್ತು. ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಮಧ್ಯಾಹ್ನ ಬಾನುಬಿ ಎಂಬ ಹೆಂಗಸು ಮಗಳ ಮದುವೆಗೆ ಎಲೆ ಬೇಕೆಂದು ಬಂದಳು. ಒಂದು ಎಲೆ ಎತ್ತಿ ಹಿಂದೆ ಮುಂದೆ ತಿರುವಿ, ಇದು ಇವತ್ತಿನದೋ ನಿನ್ನೆಯದೋ ಎಂದು ಅನುಮಾನದಿಂದ ಕೇಳಿದಳು.

ಹುಚ್ಚವ್ವ ಬಾನುಬಿಯ ಕೈಯಿಂದ ಆ ಎಲೆ ಕಿತ್ತುಕೊಂಡು, ಆಕೆಯ ಮುಖದ ಮುಂದೆ ಹಿಡಿದು, ಎರಡು ಬೆರಳಿನಲ್ಲಿ ನಡುವೆ ಮುರಿದಳು. ಹಸಿ ಎಲೆ ಪಟ್ಟನೆ ಮುರಿಯಿತು. ಎರಡು ತುಂಡನ್ನೂ ಎತ್ತಿ ಹಿಡಿದು, ಕತ್ತು ನೆಟ್ಟಗೆ ಮಾಡಿ, ಹುಬ್ಬು ಏರಿಸಿ ನೋಡಿದಳು. ಆ ನೋಟದಲ್ಲಿ ನಲವತ್ತು ವರ್ಷ ಇತ್ತು.

ಪರಮೇಶಪ್ಪ ಕೀಲು ಒತ್ತಿದ.

ಹುಚ್ಚವ್ವ ಸದ್ದಿಗೆ ತಿರುಗಿದಳು. “ಬಂತೇನ್ರಿ?”

“ಬಂತ್ರಿ,” ಎಂದ. ಕೊನೆಯ ರೀಲನ್ನು ತುದಿಯವರೆಗೆ ಸುತ್ತಿದ.

ಹದಿನೈದು ದಿನದ ನಂತರ ಫೋಟೋ ಒಯ್ದು ಕೊಟ್ಟ. ಬರೀ ಕಾಗದ, ಕಟ್ಟು ಹಾಕಿಸಿರಲಿಲ್ಲ. ಹುಚ್ಚವ್ವ ಮೊದಲು ಎಲೆಗಳನ್ನು ನೋಡಿದಳು. ಕಣ್ಣು ಕಿರಿದು ಮಾಡಿ ಒಂದೊಂದೇ ಸುತ್ತನ್ನು ಬೆರಳಿನಿಂದ ದಾಟುತ್ತ ಕೊನೆಯವರೆಗೆ ಹೋದಳು. ಯಾವುದಕ್ಕೂ ಹೆಸರಿಡಲು ಆಗಲಿಲ್ಲ. ಆಮೇಲೆ ತನ್ನ ಮುಖ ನೋಡಿಕೊಂಡಳು.

“ಇಕಿ ಸೊಕ್ಕಿನಾಕಿ ಅದಾಳ,” ಎಂದಳು. ದನಿಯಲ್ಲಿ ಸಂತೋಷ ಮುಚ್ಚಿಡಲಾಗಿರಲಿಲ್ಲ.

ಪಕ್ಕದ ಬಳೆ ಅಂಗಡಿಯವನನ್ನು ಕೂಗಿ ಕೊಟ್ಟಳು. ಅಲ್ಲಿಂದ ಅದು ಗಾಣದ ಎಣ್ಣೆಯವನ ಕೈಗೆ ಹೋಯಿತು, ಅಲ್ಲಿಂದ ಹಿಟ್ಟಿನ ಗಿರಣಿಗೆ. ಎಣ್ಣೆಯ ಹೆಬ್ಬೆರಳು, ಹಿಟ್ಟಿನ ಹೆಬ್ಬೆರಳು ಅದರ ಮೇಲೆ ಮೂಡುತ್ತಿರುವುದು ಪರಮೇಶಪ್ಪನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಅವನು ಕೈ ಚಾಚಿ ಬೇಡಲಿಲ್ಲ. ತನ್ನ ಫೋಟೋ ಬೀದಿಯಲ್ಲಿ ಕೈಯಿಂದ ಕೈಗೆ ನಡೆದುಹೋಗುವುದನ್ನು ಎದೆ ಸೆಟೆಸಿ ನೋಡುತ್ತ ನಿಂತ.

ಬೀದಿಯ ಆ ತುದಿಯಲ್ಲಿ ಕಲಾಯಿ ಹಾಕುವವನು ಎದ್ದು ನಿಂತು, ಕೈಯಲ್ಲಿದ್ದ ಕೊಡವನ್ನು ಮೇಲೆತ್ತಿ ಹಿಡಿದು ತೋರಿಸಿದ. ತನ್ನದು ಯಾವಾಗ ಎಂಬುದು ಅದರ ಅರ್ಥ.

ರೀಲು ಮುಗಿದಿದೆ, ಯುದ್ಧ ಮುಗಿಯದೆ ಸಿಗುವ ಹಾಗಿಲ್ಲ ಎಂದು ಪರಮೇಶಪ್ಪ ಇಲ್ಲಿಂದಲೇ ಕೂಗಿ ಹೇಳಿದ.

“ಯುದ್ಧ ಮುಗೀಲಿ ಬಿಡ್ರಿ ಸಾವುಕಾರ್ರ,” ಎಂದು ಅವನು ಮತ್ತೆ ಒಲೆಯ ಮುಂದೆ ಕುಳಿತ. “ನಾನೇನು ಈ ಕೆಲಸಾ ಬಿಡಾಂವಲ್ಲ.”