ನೀರಿನ ಟ್ಯಾಂಕಿನವರೆಗೆ

"ಅಗೋ, ಬಂತು!" ತಾರಸಿಯ ಮೇಲೆ ನಿಂತಿದ್ದ ಬಸ್ ಡ್ರೈವರ್ ತೋರುಬೆರಳು ಚಾಚಿದ. ಅವನ ಹೆಂಡತಿ ಒಣಗಿದ ಬಟ್ಟೆಗಳನ್ನು ಹೆಗಲಿಗೆ ಹಾಕಿಕೊಂಡೇ ಕತ್ತೆತ್ತಿದಳು. ಪಡುವಣದಿಂದ ಒಂದು ಬೆಳಕಿನ ಚುಕ್ಕೆ ಮಿನುಗದೆ, ಸದ್ದಿಲ್ಲದೆ ಮೇಲೇರುತ್ತಿತ್ತು.

ಸೋಮವಾರ ಡಿಪೋದಲ್ಲಿ ಕಣ್ಣಿನ ಪರೀಕ್ಷೆ. ಫೇಲಾದರೆ ಸ್ಟೇರಿಂಗ್ ಬಿಟ್ಟು ಬಸ್ಸು ತೊಳೆಯುವ ಕೆಲಸ. ಎದುರು ಬರುವ ಬಸ್ಸಿನ ಬೋರ್ಡು ಇತ್ತೀಚೆಗೆ ನಿಜವಾಗಿಯೂ ಮಸುಕಾಗುತ್ತಿದೆಯೋ, ಹೆದರಿಕೆಗೆ ಹಾಗನಿಸುತ್ತಿದೆಯೋ ಅವನಿಗೇ ತಿಳಿಯದು. ಎಲ್ಲ ಬಲ್ಲವನಂತೆ ಮಾತಾಡುವ ಅವನ ಕಂಡಕ್ಟರ್ ಧೈರ್ಯ ಹೇಳಿದ್ದ: "ಸಂಜೆ ಉಪಗ್ರಹ ಹೋಗತ್ತಲ್ಲ, ಅದನ್ನ ಈ ತುದಿಯಿಂದ ಆ ತುದಿವರೆಗೂ ನೋಡಣ್ಣ. ಕಂಡ್ರೆ ಯಾವ ಡಾಕ್ಟ್ರಿಗೂ ಹೆದರಬೇಡ."

ಚುಕ್ಕೆ ನೆತ್ತಿಯ ಮೇಲೆ ಬಂತು. "ಎಷ್ಟು ಚೆನ್ನಾಗಿ ಕಾಣ್ತಿದೆ ನೋಡೇ!" ಅವನು ಮಗುವಿನ ಹಾಗೆ ಹಿಗ್ಗಿದ. ಮೂಡಣದ ನೀರಿನ ಟ್ಯಾಂಕಿನತ್ತ ಇಳಿಯತೊಡಗಿದ್ದು ಅರ್ಧ ದಾರಿಯಲ್ಲೇ ಮಂಕಾಗಿ, ಇಲ್ಲವಾಯಿತು. ಮೋಡವಿಲ್ಲ, ಮರವಿಲ್ಲ. ಅದು ಭೂಮಿಯ ನೆರಳಿನೊಳಗೆ ಹೊಕ್ಕಿತ್ತು, ಅಷ್ಟೇ. ಕಂಡಕ್ಟರ್ ಅದನ್ನು ಹೇಳಿರಲಿಲ್ಲ. ಪಾಪ, ಅವನಿಗಾದರೂ ಎಲ್ಲಿ ಗೊತ್ತಿತ್ತು?

ತನ್ನ ಕಣ್ಣೇ ಕೈಕೊಟ್ಟಿತು ಎಂದುಕೊಂಡ ಡ್ರೈವರ್. ಆದರೆ ಹೆಂಡತಿಯ ಮುಂದೆ ಬೆರಳು ಇಳಿಸಲಿಲ್ಲ; ಖಾಲಿ ಆಕಾಶದಲ್ಲಿ ಅದನ್ನು ಮೆಲ್ಲಗೆ ಮುಂದಕ್ಕೆ ಜರುಗಿಸಿದ. "ಹೋಗ್ತಾ ಇದೆ... ಅಲ್ಲೇ, ಟ್ಯಾಂಕ್ ಹತ್ರ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅಲ್ಲಿ ಏನೂ ಕಾಣುತ್ತಿಲ್ಲ. ಹಾಗಾದರೆ ಕೆಟ್ಟಿರುವುದು ತನ್ನ ಕಣ್ಣೇ? ಇಲ್ಲವೇ ಇವರು ಸುಳ್ಳು ಹೇಳುತ್ತಿದ್ದಾರೆಯೇ? ಖಾಲಿ ಆಕಾಶದಲ್ಲಿ ಇನ್ನೂ ಸರಿಯುತ್ತಿದ್ದ ಆ ಬೆರಳನ್ನು ನೋಡಿ ಅವಳಿಗೆ ಅಯ್ಯೋ ಎನಿಸಿತು. ಯಾವುದಾದರೂ ಇರಲಿ, ಇವತ್ತು ಇವರ ಮುಖ ಬಾಡಬಾರದು.

"ಹೂಂ ರೀ, ನಂಗೂ ಕಾಣ್ತಿದೆ. ಈಗ ಟ್ಯಾಂಕ್ ಹಿಂದೆ ಹೋಯ್ತು ನೋಡಿ."

ಬೆರಳು ಗಾಳಿಯಲ್ಲೇ ನಿಂತಿತು. "ಟ್ಯಾಂಕ್ ತನಕಾನೂ ಕಾಣಿಸ್ತಾ ನಿಂಗೆ?"

"ಓ, ಚೆನ್ನಾಗಿ! ನಿಮ್ಮ ಕಣ್ಣಿಗೇನಾಗಿದೆ, ಸುಮ್ನೆ ಹೆದರ್ತೀರಿ."

ಇವಳಿಗೆ ಕಂಡಿದೆ, ತನಗೆ ಕಾಣಲಿಲ್ಲ. ಅವನು ಬೆರಳು ಇಳಿಸಿದ. ಧೈರ್ಯ ತುಂಬಿದರೆ ಇವರೇಕೆ ಇನ್ನಷ್ಟು ಸಪ್ಪಗಾದರು ಎಂದು ಅವಳಿಗೆ ಅರ್ಥವಾಗಲಿಲ್ಲ.

ಕೆಳಗೆ ದೀಪ ಉರಿಯುತ್ತಿತ್ತು. ಮೆಟ್ಟಿಲುಗಳು ಒಂದೊಂದೂ ಅವನಿಗೂ ನಿಚ್ಚಳವಾಗಿ ಕಾಣುತ್ತಿದ್ದವು. ಆದರೂ ಡ್ರೈವರ್ ಅವಳ ಭುಜ ಹಿಡಿದು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡಕುತ್ತಾ ಇಳಿದ.