ಮುಂದಿನ ಗಾಲಿಗಳು

ಶಿವಸಂಗಪ್ಪ ಮತ್ತೊಮ್ಮೆ ಆಕ್ಸಿಲರೇಟರ್ ಒತ್ತಿದ. ಜಿಪ್ಸಿಯ ಹಿಂದಿನ ಗಾಲಿಗಳೆರಡೂ ಗರಗರ ತಿರುಗಿ ಎರೆಮಣ್ಣು ಎರಚಿದವು. ಮುಂದಿನವೆರಡು ಮದುವೆಗೆ ಬಂದ ಬೀಗರ ಹಾಗೆ ಸುಮ್ಮನೆ ಕೂತಿದ್ದವು.

"ಅಣ್ಣಾ, ಸಾಕ್ ಬಿಡು. ಇನ್ನಷ್ಟು ಹುಗೀತೈತಿ," ಎಂದ ಪಕ್ಕದಲ್ಲಿದ್ದ ತಮ್ಮ ಸೋಮಲಿಂಗ.

"ನಾಕ್ ಗಾಲಿ ಗೇರ್ ಹಾಕೇನಲ್ಲೋ! ಸಣ್ಣ ಗೇರ್ ಸೈತ ಹಾಕೇನಿ. ನಾಕೂ ಗಾಲಿ ತಿರಗಬೇಕಲ್ಲ?"

ಎದುರಿಗೆ ಹಳ್ಳ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ಮೇಲೆ ತಲೆ ಮೇಲೆ ಸೆರಗು ಹೊದ್ದು ಖಾಜಾಬಿ ನಿಂತಿದ್ದಳು. ಬೆಳಗಿನ ಜಾವ ಇಳಕಲ್ಲಿನಲ್ಲಿ ತೀರಿಕೊಂಡ ಅಬ್ದುಲಸಾಬ ಮಿಸ್ತ್ರಿಗೆ ಅವಳೊಬ್ಬಳೇ ಮಗಳು. ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಮಣ್ಣು ಮಾಡುವುದೆಂದು ಹಿರಿಯರು ನಿಶ್ಚಯಿಸಿದ್ದರು. ಬಸ್ಸು ನಿಂತು ಎರಡು ದಿನವಾಗಿತ್ತು. ಬಾಡಿಗೆ ಗಾಡಿಯವರು ಹಳ್ಳದ ಹೆಸರು ಕೇಳಿಯೇ ಒಲ್ಲೆವೆಂದು ಕೈಯಲ್ಲಾಡಿಸಿದ್ದರು. ಆಗ ಶಿವಸಂಗಪ್ಪನೇ ಎದ್ದು ಅಬ್ದುಲಸಾಬನ ಮಗ ಜಲಾಲುದ್ದೀನನಿಗೆ ಮಾತು ಕೊಟ್ಟಿದ್ದ.

"ನಿಮ್ಮಪ್ಪ ಕಟ್ಟಿದ ಗಾಡಿ ಐತಿ. ನಿಮ್ಮಕ್ಕನ್ನ ನಾ ಕರಕೊಂಡ ಬರ್ತೇನಿ. ಅಪ್ಪನ ಮಾರಿ ನೋಡಲಾರದಂಗ ಆಕಿನ್ನ ಬಿಡೂದಿಲ್ಲ."

ಈಗ ಹನ್ನೊಂದೂಕಾಲು. ಹುನಗುಂದ ದಾಟಿ ಇಳಕಲ್ಲು ಸೇರಲು ಈ ಮಳೆಯಲ್ಲಿ ಒಂದೂವರೆ ತಾಸಾದರೂ ಬೇಕು.

*

ಆ ಗಾಡಿಯನ್ನು ಶಿವಸಂಗಪ್ಪ ಹರಾಜಿನಲ್ಲಿ ಹಿಡಿದದ್ದು ತೊಂಬತ್ತೊಂಬತ್ತರಲ್ಲಿ. ಅವನ ಸೀರೆ ಅಂಗಡಿಯಿಂದ ಸುತ್ತಲಿನ ಹಳ್ಳಿಗಳ ಮಗ್ಗಗಳಿಗೆ ನೂಲು ಹೋಗಬೇಕು, ನೇಯ್ದ ಸೀರೆ ಬರಬೇಕು. ಮಳೆ ಹಿಡಿದರೆ ಎರೆನೆಲದ ದಾರಿ ಬಂದ್. ದಾರಿ ಬಂದ್ ಆದರೆ ಮಗ್ಗವೂ ಬಂದ್. ಖಾಜಾಬಿಯನ್ನು ಕೊಟ್ಟ ಊರೊಂದರಲ್ಲೇ ಹನ್ನೆರಡು ಮಗ್ಗಗಳಿದ್ದವು.

ಅಬ್ದುಲಸಾಬ ಗಾಡಿಗೆ ಒಂದು ಸುತ್ತು ಹಾಕಿ, "ಸಾವಕಾರ್ರ, ಇದು ಗಾಡಿ ಅಲ್ಲ್ರಿ, ಗುಜರಿ," ಎಂದಿದ್ದ. ಅಂದವನು ಮರುದಿನವೇ ಅದನ್ನು ಬಿಚ್ಚಿ ಹರವಿಕೊಂಡು ಕೂತ. ಹತ್ತು ತಿಂಗಳು ಹಿಡಿಯಿತು. ತುಕ್ಕು ತಿಂದ ಕಡೆ ಹೊಸ ಕಬ್ಬಿಣ ಬೆಸೆದ. ಸ್ಪ್ರಿಂಗಿನ ಪಾಟಾಗಳನ್ನು ಬದಲಿಸಿ ಗಾಡಿಯನ್ನು ನಾಲ್ಕು ಬೆರಳು ಎತ್ತರಿಸಿದ. ದಪ್ಪ ಹಲ್ಲಿನ ಟಾಯರು ಹಾಕಿದ. ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಚಾವಣಿಯ ತನಕ ಏರಿಸಿ, "ಇನ್ನ ಹಳ್ಳದಾಗ ಇಳದ್ರೂ ಇದಕ್ಕ ಉಸಿರು ಕಟ್ಟೂದಿಲ್ಲ ನೋಡ್ರಿ," ಎಂದು ನಕ್ಕ.

ಆಮೇಲಿನ ಎಂಟು ಮಳೆಗಾಲ ಒಂದು ಮಗ್ಗವೂ ನೂಲಿಲ್ಲದೆ ನಿಲ್ಲಲಿಲ್ಲ. ನೇಯುವ ಹೆಂಗಸರು ಗಾಡಿಯ ಸಪ್ಪಳ ಕೇಳಿದರೆ ಸಾಕು, ಸಜ್ಜೆರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಬರುತ್ತಿದ್ದರು. ಗಂಟು ಹೋಗುತ್ತಿದ್ದದ್ದು ಸಾವಕಾರನ ಕೈಗಲ್ಲ, ಮಿಸ್ತ್ರಿಯ ಕೈಗೆ. ಕೆಸರಿನ ದಾರಿಗೆ ಅಬ್ದುಲಸಾಬನಿಲ್ಲದೆ ಶಿವಸಂಗಪ್ಪ ಗಾಡಿ ಹೊರಡಿಸಿದ್ದೇ ಇಲ್ಲ.

ಹಳ್ಳ ಬಂದಾಗಲೆಲ್ಲ ಅಬ್ದುಲಸಾಬ "ನಿಲ್ಲಸ್ರಿ" ಎಂದು ಇಳಿಯುತ್ತಿದ್ದ. ಮುಂದಿನ ಬಲಗಾಲಿಯ ಎದುರು ಕುಕ್ಕರಗಾಲಲ್ಲಿ ಕೂತು, "ಬಿಸ್ಮಿಲ್ಲಾ" ಎಂದು ಕೈಯಿಡುತ್ತಿದ್ದ. ಎಡಗಾಲಿಗೂ ಹಾಗೆಯೇ. ನೀರಿಗಿಳಿಯುವ ಮೊದಲು ದೇವರನ್ನು ನೆನೆಯುವುದು ಒಳ್ಳೆಯದೇ ಎಂದು ಶಿವಸಂಗಪ್ಪ ಕೂತಲ್ಲಿಂದಲೇ ಕೂಡಲಸಂಗಮನಾಥನಿಗೆ ಕೈ ಮುಗಿಯುತ್ತಿದ್ದ.

*

ಇವತ್ತೂ ಕೈ ಮುಗಿದಿದ್ದ. ಗಾಡಿ ಅಲ್ಲಾಡಲಿಲ್ಲ. ಕೊನೆಗೆ ಇಳಿದು, ರಾಡಿಯಲ್ಲೇ ಕೂತು, ಬಲಗಾಲಿಯ ಮೇಲೆ ಕೈಯಿಟ್ಟ.

"ಬಿಸ್ಮಿಲ್ಲಾ."

"ಅಣ್ಣಾ, ಏನ್ ಮಾಡಾಕತ್ತೀ?"

"ಅಬ್ದುಲಸಾಬ ಮಾಡ್ತಿದ್ದನಲ್ಲೋ ದುವಾ. ಅವನ ದುವಾ ಇಲ್ಲದ ಇದು ಹೊಂಡೂದಿಲ್ಲ," ಎಂದ ಶಿವಸಂಗಪ್ಪ. ಮಾತು ಕೊಟ್ಟು ಬಂದವನು ಬರಿಗೈಯಲ್ಲಿ ಹೋಗಿ ಆ ಹುಡುಗನಿಗೆ ಏನು ಹೇಳುವುದು?

ಆಚೆ ದಂಡೆಯಿಂದ ಖಾಜಾಬಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. "ಕಾಕಾ! ತಿರುವ್ರಿ! ಗಾಲಿ ನಟ್ಟನಡುವ ಗುಂಡಿ ಐತಿ, ತಿರುವ್ರಿ! ಎರಡೂ ಗಾಲೀದು!"

ಕೆಸರು ಒರೆಸಿದರೆ ನಿಜಕ್ಕೂ ಗಾಲಿಯ ನಡುವೆ ಒಂದು ಗುಂಡಿಯಿತ್ತು. ತಿರುವಿದ. ಒಳಗೆ ಕಟಕ್ಕೆಂದಿತು. ಎಡಗಾಲಿಯದೂ ಕಟಕ್ಕೆಂದಿತು. ಅಲ್ಲಿಯತನಕ ಬಿಡಿಯಾಗಿದ್ದ ಮುಂದಿನ ಗಾಲಿಗಳು ಈಗ ಇಂಜಿನ್ನಿಗೆ ಗಂಟುಬಿದ್ದವು. ಈ ಸಲ ನಾಲ್ಕೂ ಒಟ್ಟಿಗೆ ನೆಲ ಕಚ್ಚಿದವು. ಜಿಪ್ಸಿ ರಾಡಿಯಿಂದೆದ್ದು ನೀರಿಗಿಳಿಯಿತು, ಗುರುಗುಟ್ಟುತ್ತ ಆಚೆ ದಂಡೆ ಹತ್ತಿತು.

ಮರಳುವಾಗ ಶಿವಸಂಗಪ್ಪನಿಗೆ ತಡೆಯಲಾಗಲಿಲ್ಲ. "ಎಂಟು ವರ್ಷ ನಾ ಅದನ್ನ ದುವಾ ಅಂತ ತಿಳಕೊಂಡಿದ್ದೆ ಅವ್ವಾ. ನಿಮ್ಮಪ್ಪ ಒಂದ್ ಮಾತರ ಹೇಳಬಾರದಾ?"

ಅಷ್ಟು ಹೊತ್ತು ಅಳುತ್ತಿದ್ದ ಖಾಜಾಬಿ ಅಳುತ್ತಲೇ ನಕ್ಕಳು. "ನಾ ಬೈದಿದ್ದೆ ಕಾಕಾ, ಹೇಳಿಕೊಡು ಅಂತ. 'ಹೇಳಿಕೊಟ್ರ ಸಾವಕಾರ್ರು ತಾವ ಹೋಗ್ತಾರ. ಆಮ್ಯಾಲ ಮಳಿಗಾಲದಾಗ ನಾ ನಿನ್ನ ಮಾರಿ ನೋಡಾಕ ಹೆಂಗ ಬರ್ಲಿ?' ಅಂದಿದ್ದ ಅಬ್ಬಾ."

ಶಿವಸಂಗಪ್ಪನಿಗೆ ಸಿಟ್ಟು ಬರಲಿಲ್ಲ. ಹುಚ್ಚಾ, ಒಂದು ಮಾತು ಕೇಳಿದ್ದರೆ ದಿನಾ ಕರೆದೊಯ್ಯುತ್ತಿದ್ದೆನಲ್ಲ ಎನಿಸಿತು. ಅಂಥವನ ಪಕ್ಕ ಎಂಟು ಮಳೆಗಾಲ ಕೂತು ತಿರುಗಿದ್ದು ತನ್ನ ಪುಣ್ಯ ಎನಿಸಿ ಎದೆ ತುಂಬಿ ಬಂತು.

*

ಜಲಾಲುದ್ದೀನ ಮುಖದ ಮೇಲಿನ ಬಟ್ಟೆ ಸರಿಸಿದ. ಖಾಜಾಬಿ ಅಪ್ಪನನ್ನು ಕಣ್ತುಂಬ ನೋಡಿದಳು. ಹೊತ್ತಾಗಿದ್ದರೂ ಯಾರೂ ಅವಸರ ಮಾಡಲಿಲ್ಲ.

ಜನಾಜಾ ಎತ್ತುವಾಗ ಹೆಗಲು ಕೊಡಲು ಮುಂದೆ ಬಂದ ಶಿವಸಂಗಪ್ಪ ತನ್ನ ಕೈ ನೋಡಿಕೊಂಡು ಹಿಂದೆ ಸರಿದ. ಮೊಣಕೈತನಕ ಕೆಸರು.

"ತಡೀರಿ, ಕೈ ತೊಳಕೊಂಡ ಬರ್ತೇನಿ."

"ಹಂಗ ಬರ್ರಿ ಕಾಕಾ," ಎಂದ ಜಲಾಲುದ್ದೀನ. "ಅಬ್ಬಾನ ಬಟ್ಟಿ ಯಾವತ್ತ ಸ್ವಚ್ಛ ಇತ್ತು?"

ಶಿವಸಂಗಪ್ಪ ಹೆಗಲು ಕೊಟ್ಟ. ಓಣಿಯ ತಿರುವಿನಲ್ಲಿ ಇನ್ನೊಬ್ಬರು ಬಂದು ಅವನ ಜಾಗ ಹಿಡಿದರು. ಜನಾಜಾಕ್ಕೆ ಹೊದಿಸಿದ ಹಸಿರು ಚಾದರದ ಅಂಚಿನಲ್ಲಿ ಮೂಡಿದ್ದ ಎರೆಮಣ್ಣಿನ ಐದು ಬೆರಳುಗಳು ಹೆಗಲಿನಿಂದ ಹೆಗಲಿಗೆ ದಾಟುತ್ತ ಮಸೀದಿಯ ಕಡೆ ಸಾಗಿದವು.